ಸೂತಕದಲ್ಲಿ ದೇವಸ್ಥಾನ: ಕಲ್ಯಾಣ ಕೊಟ್ಟ ಎರಡು ಉತ್ತರ

ಊರಲ್ಲಿ ಯಾರೋ ತೀರಿಕೊಂಡರು ಅಂತ ಫೋನ್ ಬಂದ ಮೇಲೆ, ಟಿಕೆಟ್ ಸಿಗುತ್ತೋ ಇಲ್ಲವೋ ಎಂಬ ಗಡಿಬಿಡಿ ಮುಗಿದ ಮೇಲೆ, ಇಲ್ಲಿನ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ದೇವಸ್ಥಾನಕ್ಕೆ ಯಾವಾಗ ಹೋಗಬಹುದು? ದೊಡ್ಡಮ್ಮ ಹತ್ತು ದಿನ ಬಿಟ್ಟು ಅನ್ನುತ್ತಾರೆ. ಗಂಡನ ಕಡೆಯವರು ಹದಿಮೂರು ಅನ್ನುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವರ್ಷ ಬೆಟ್ಟದ ದೇವರಿಗೆ ಹೋಗಲೇಬಾರದು ಅಂತ ಬರೆಯುತ್ತಾರೆ. ಲಿಂಗಾಯತ ಗೆಳೆಯ, ನಮ್ಮಲ್ಲಿ ಅದೆಲ್ಲ ಇಲ್ಲವೇ ಇಲ್ಲಪ್ಪ ಅನ್ನುತ್ತಾನೆ. ದೇವಸ್ಥಾನದ ಭಟ್ಟರು ತೆಲುಗಿನವರೋ ತಮಿಳಿನವರೋ ಆಗಿರುತ್ತಾರೆ, ಪಾಪ, "ನಿಮ್ಮ ಮನೆ ಪದ್ಧತಿ ಹೇಗಿದೆಯೋ ಹಾಗೆ ಮಾಡಿ" ಅಂದುಬಿಡುತ್ತಾರೆ. ಮನೆ ಪದ್ಧತಿ ಏನು ಅಂತ ಕೇಳೋಣ ಅಂದರೆ, ಎಷ್ಟೋ ಸಲ ಅದು ಗೊತ್ತಿದ್ದವರೇ ಹೋಗಿರುತ್ತಾರೆ.

ಪಾಡ್‌ಕಾಸ್ಟ್‌ನ ಈ ಸಲದ ಕಂತಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಶಾಸ್ತ್ರ ಓದಿದವನಲ್ಲ, ಡೇಟಾ ಕೆಲಸದವನು. ನಾಲ್ಕು ಮೂಲಗಳು ನಾಲ್ಕು ಸಂಖ್ಯೆ ಕೊಟ್ಟರೆ, ಯಾವುದು ಸರಿ ಅನ್ನೋದಕ್ಕಿಂತ ಮೊದಲು ಈ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಹುಡುಕುವುದು ನನ್ನ ಚಾಳಿ. ಹುಡುಕುತ್ತಾ ಹೋದರೆ ದಾರಿ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಿ ನಿಂತಿತು. ಅದೂ ಒಂದಲ್ಲ, ಎರಡು ಸಲ.

ಮೊದಲು ಪದಗಳು, ಯಾಕೆಂದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇವು ಕಿವಿಗೆ ಬಿದ್ದಿರುತ್ತವೆ, ಅರ್ಥ ಮಾತ್ರ ಮಸುಕಾಗಿರುತ್ತದೆ. ಸತ್ತಾಗ ಮನೆಯವರಿಗೆ ಬರುವ ಸ್ಥಿತಿಗೆ ನಾವು ಸೂತಕ ಅನ್ನುತ್ತೇವೆ. ಸಂಸ್ಕೃತದ ಗ್ರಂಥಗಳ ಪದ ಅಶೌಚ ಅಥವಾ ಆಶೌಚ. ತಮಾಷೆ ಏನೆಂದರೆ, ಸೂತಕ ಎಂಬ ಪದದ ಬೇರು ಇರುವುದು ಹುಟ್ಟಿನಲ್ಲಿ. ಪ್ರಸೂತಿ ಅನ್ನುತ್ತೀವಲ್ಲ, ಅದೇ ಬೇರು. ಸಾವಿಗೂ ಅದೇ ಪದ ಅಂಟಿಕೊಂಡಿತು. ಹುಟ್ಟಿದಾಗಿನದಕ್ಕೆ ಹಳೆ ಮೈಸೂರಿನ ಕಡೆ ಪುರುಡು ಅಂತಲೂ ಕರಾವಳಿಯ ಕಡೆ ಅಮೆ ಅಂತಲೂ ಹೆಸರು. ಮೈಲಿಗೆ ಇವೆಲ್ಲಕ್ಕಿಂತ ಅಗಲವಾದ ಪದ, ಮಡಿಯ ವಿರುದ್ಧ ಪದ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಬರೆದ ಪುಸ್ತಕದಲ್ಲಿ ಮಡಿ ಮತ್ತು ಪೊಲೆ ಎಂಬ ಎರಡು ಪದಗಳ ಮೇಲೆ ದೊಡ್ಡ ವಿವರಣೆಯನ್ನೇ ಕಟ್ಟಿದ್ದಾರೆ. ಮನೆಗೆ ಮಗು ಬಂದರೂ ಸೂತಕ, ಅಜ್ಜ ಹೋದರೂ ಸೂತಕ. ಅಂದರೆ ಇದು ಬರೀ ದುಃಖದ ಹೆಸರಲ್ಲ. ಮನೆಯ ಲೆಕ್ಕಕ್ಕೆ ಒಬ್ಬರು ಸೇರಿದಾಗ ಅಥವಾ ಲೆಕ್ಕದಿಂದ ಒಬ್ಬರು ಹೋದಾಗ, ಆ ಮನೆ ಸ್ವಲ್ಪ ದಿನ ಊರಿನ ಮಾಮೂಲಿ ವ್ಯವಹಾರದಿಂದ ಹೊರಗೆ ನಿಲ್ಲುತ್ತದೆ.

ಎಷ್ಟು ದಿನ? ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಬ್ರಾಹ್ಮಣನಿಗೆ 10 ದಿನ, ಕ್ಷತ್ರಿಯನಿಗೆ 12, ವೈಶ್ಯನಿಗೆ 15, ಶೂದ್ರನಿಗೆ ಒಂದು ತಿಂಗಳು. ದುಡಿದು ತಿನ್ನುವವನಿಗೇ ಹೆಚ್ಚು ದಿನ! ಇದು ಹೊಲದಲ್ಲಿ ಹೇಗೆ ನಡೆಯುತ್ತಿತ್ತೋ ಪಟ್ಟಿ ಬರೆದವರಿಗೆ ಯೋಚನೆ ಇದ್ದಂತಿಲ್ಲ. ನಮ್ಮ ಹಳ್ಳಿಗಳು ಈ ಪಟ್ಟಿಯನ್ನು ಹಾಗೇ ಒಪ್ಪಿಕೊಂಡಿಲ್ಲ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2015ರ 'ತಿಥಿ' ಸಿನಿಮಾ ನೋಡಿದವರಿಗೆ ನೆನಪಿರಬಹುದು, ಮಂಡ್ಯದ ಆ ಹಳ್ಳಿಯಲ್ಲಿ ಸೆಂಚುರಿ ಗೌಡನ ಊಟ ನಡೆಯುವುದು ಹನ್ನೊಂದನೇ ದಿನಕ್ಕೆ.

ಅದೇ ಮನು ಇನ್ನೊಂದು ಕಡೆ, ಹತ್ತು ದಿನ, ಇಲ್ಲವೇ ಮೂಳೆ ಆಯುವ ತನಕ, ಇಲ್ಲವೇ ಮೂರು ದಿನ, ಇಲ್ಲವೇ ಒಂದೇ ದಿನ ಅಂತ ನಾಲ್ಕು ಆಯ್ಕೆ ಕೊಡುತ್ತಾನೆ. ಉಳಿದ ಸ್ಮೃತಿಗಳು ತಮ್ಮ ತಮ್ಮ ಸಂಖ್ಯೆಗಳನ್ನು ಸೇರಿಸುತ್ತಾ ಹೋಗುತ್ತವೆ. ಪಿ.ವಿ. ಕಾಣೆಯವರ 'ಹಿಸ್ಟರಿ ಆಫ್ ಧರ್ಮಶಾಸ್ತ್ರ'ದ ನಾಲ್ಕನೇ ಸಂಪುಟದಲ್ಲಿ (1953) ಅಶೌಚದ ಅಧ್ಯಾಯ ಓದಿದರೆ ತಲೆ ಗಿರ್ರೆನ್ನುತ್ತದೆ. ಮದುವೆಯಾದ ಮಗಳಿಗೆ ಎಷ್ಟು, ತಾಯಿಯ ತಂದೆ ಹೋದರೆ ಎಷ್ಟು, ಸೋದರಮಾವನಿಗೆ ಎಷ್ಟು, ಗುರುವಿನ ಹೆಂಡತಿಗೆ ಎಷ್ಟು, ಒಂದು ಸೂತಕ ಮುಗಿಯುವ ಮೊದಲೇ ಇನ್ನೊಂದು ಬಂದರೆ ಹೇಗೆ ಕೂಡಿಸಬೇಕು!

ಈ ಗೊಂದಲದ ಮುಂದೆ ಕೂತು ಯೋಚಿಸಿದವರಲ್ಲಿ ಒಬ್ಬರು ನಮ್ಮವರು, ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರತೂರು ಅವರ ಊರು ಅಂತ ನಂಬಿಕೆ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವರು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹೇಗೆ ಹಂಚಿಕೆ ಆಗಬೇಕು ಅನ್ನುವುದನ್ನು ನೂರಾರು ವರ್ಷ ತೀರ್ಮಾನಿಸಿದ್ದು ಈ ಪುಸ್ತಕ. ಕೋಲ್‌ಬ್ರೂಕ್ 1810ರಲ್ಲಿ ಕಲ್ಕತ್ತದಲ್ಲಿ ಇದರ ದಾಯಭಾಗದ ಭಾಗವನ್ನಷ್ಟೇ ಇಂಗ್ಲಿಷಿಗೆ ತಂದ. ಕೋರ್ಟಿಗೆ ಬೇಕಾಗಿದ್ದು ಆಸ್ತಿ. ಅದೇ ಪುಸ್ತಕದ ಮೂರನೇ ಅಧ್ಯಾಯ ಶುರುವಾಗುವುದೇ ಅಶೌಚದಿಂದ ಎಂಬುದು ವಕೀಲರ ನೆನಪಿನಿಂದ ಜಾರಿಹೋಯಿತು. ಆದರೆ ಎರಡಕ್ಕೂ ಬೇಕಾದ್ದು ಒಂದೇ ಪ್ರಶ್ನೆಯ ಉತ್ತರ: ಯಾರು ಯಾರಿಗೆ ಏನಾಗಬೇಕು? ವಿಜ್ಞಾನೇಶ್ವರರ ಉತ್ತರದಲ್ಲಿ ಸಪಿಂಡ ಅಂದರೆ ಒಂದೇ ದೇಹದ ಅಂಶ ಹಂಚಿಕೊಂಡವರು. ಬಂಗಾಳದ ದಾಯಭಾಗ ಪದ್ಧತಿ ಪಿಂಡ ಅಂದರೆ ಸತ್ತವರಿಗೆ ಇಡುವ ಅನ್ನದ ಉಂಡೆ ಅಂತ ಹಿಡಿದರೆ, ಕಲ್ಯಾಣದವರು ಅದನ್ನು ಶರೀರ ಅಂತ ಹಿಡಿದರು. ನಿಮ್ಮ ಮೈಯಲ್ಲಿ ಯಾರ ಮೈ ಇದೆಯೋ ಅವರ ಸಾವು ನಿಮಗೆ ತಟ್ಟುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇವತ್ತಿಗೂ ಸಪಿಂಡ ಎಂಬ ಪದ ಉಳಿದಿದೆ.

ಅಶೌಚದ ದಿನಗಳ ವಿಷಯಕ್ಕೆ ಬಂದಾಗ ವಿಜ್ಞಾನೇಶ್ವರರು ಮಾಡುವ ಒಂದು ಕೆಲಸ ನನಗೆ ತುಂಬ ಹಿಡಿಸಿತು. ಒಂದಕ್ಕೊಂದು ತಾಳೆಯಾಗದ ವಚನಗಳನ್ನೆಲ್ಲ ಮುಂದಿಡುತ್ತಾರೆ. ಆಮೇಲೆ, ಇವು ಜನರ ಆಚರಣೆಯಲ್ಲೇ ಇಲ್ಲ, ಆದ್ದರಿಂದ ಇವಕ್ಕೊಂದು ವ್ಯವಸ್ಥೆ ಮಾಡಿ ತೋರಿಸುವುದರಿಂದ ಹೆಚ್ಚು ಉಪಯೋಗವಿಲ್ಲ ಎಂಬ ಅರ್ಥದ ಮಾತು ಹೇಳಿ ಮುಂದೆ ಹೋಗುತ್ತಾರೆ. ಆ ಕಾಲದ ಅತಿ ದೊಡ್ಡ ಶಾಸ್ತ್ರಜ್ಞರಲ್ಲಿ ಒಬ್ಬರು, ಜನ ಮಾಡದ ನಿಯಮಕ್ಕೆ ಲೆಕ್ಕ ಹಾಕುತ್ತಾ ಕೂರಲಿಲ್ಲ.

ಈಗ ನಮ್ಮ ನಿಮ್ಮ ವಿಷಯ. ಹಳೆಯ ಗ್ರಂಥಗಳು ಊರು ಬಿಟ್ಟವರನ್ನು ಮರೆತಿಲ್ಲ. ಡೇಟಾ ಕೆಲಸದಲ್ಲಿ ಇಂಥವನ್ನು ಎಡ್ಜ್ ಕೇಸ್ ಅನ್ನುತ್ತೇವೆ, ಮಾಮೂಲಿ ನಿಯಮದ ಅಂಚಿನಲ್ಲಿ ನಿಂತವು. ಮನು ಸ್ಪಷ್ಟವಾಗಿ ಕೇಳಿಕೊಳ್ಳುತ್ತಾನೆ: ಬಂಧು ಪರದೇಶದಲ್ಲಿ ಸತ್ತರು, ಸುದ್ದಿ ತಡವಾಗಿ ಬಂತು, ಆಗೇನು? ಹತ್ತು ದಿನದೊಳಗೆ ಗೊತ್ತಾದರೆ ಉಳಿದ ದಿನ ಮಾತ್ರ ಸೂತಕ. ಹತ್ತು ದಿನ ಕಳೆದ ಮೇಲೆ ಗೊತ್ತಾದರೆ ಮೂರು ರಾತ್ರಿ. ವರ್ಷವೇ ಕಳೆದಿದ್ದರೆ ನೀರು ಮುಟ್ಟಿದರೆ ಸಾಕು. ಇದಕ್ಕೆ ಒಂದೇ ಒಂದು ದೊಡ್ಡ ಹೊರತು, ತಂದೆ ತಾಯಿ. ಪೈಠೀನಸಿ ಎಂಬ ಸ್ಮೃತಿಕಾರನ ಹೆಸರಿನಲ್ಲಿ ಬರುವ ವಚನದ ಪ್ರಕಾರ ಮಗ ಎಷ್ಟೇ ದೂರದಲ್ಲಿದ್ದರೂ, ಕೇಳಿದ ದಿನದಿಂದ ಪೂರ್ತಿ ಹತ್ತು ದಿನ. ಅಲ್ಲಿ ಲೆಕ್ಕ ಶುರುವಾಗುವುದು ಸತ್ತ ಗಳಿಗೆಯಿಂದ ಅಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಸೂತಕ ಅನ್ನುವುದು ಹೆಣದಿಂದ ಹರಡುವ ಕೊಳೆ ಮಾತ್ರ ಆಗಿದ್ದರೆ ಈ ನಿಯಮಕ್ಕೆ ಅರ್ಥವೇ ಇರುತ್ತಿರಲಿಲ್ಲ. ಸಾವಿರ ಮೈಲಿ ದೂರದ ಹೆಣ ಯಾರನ್ನು ಮುಟ್ಟುತ್ತದೆ? ಮುಟ್ಟುವುದು ಸುದ್ದಿ.

ದೂರ ಅಂದರೆ ಎಷ್ಟು ದೂರ ಎಂಬುದಕ್ಕೂ ಚರ್ಚೆ ಇದೆ. ಅರವತ್ತು ಯೋಜನ ಅಂತ ಕೆಲವರು, ನಲವತ್ತು ಅಂತ ಕೆಲವರು, ಮೂವತ್ತು ಅಂತ ಮತ್ತೆ ಕೆಲವರು. ಇನ್ನೊಂದು ವ್ಯಾಖ್ಯೆಯಲ್ಲಿ ನಡುವೆ ದೊಡ್ಡ ನದಿ ಇರಬೇಕು, ಅಥವಾ ಬೆಟ್ಟ ಅಡ್ಡ ಇರಬೇಕು, ಅಥವಾ ಆಡುವ ಮಾತು ಬೇರೆಯಾಗಬೇಕು, ಅದು ದೇಶಾಂತರ. ಮಾತು ಬೇರೆಯಾದ ಕಡೆ ಬೇರೆ ದೇಶ! ಇಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಕೆಲಸದ ವಿಷಯದಲ್ಲೂ ಸಡಿಲಿಕೆ ಇತ್ತು. ಕುಶಲಕರ್ಮಿಗಳು, ಶಿಲ್ಪಿಗಳು, ವೈದ್ಯರು, ಆಳುಕಾಳುಗಳು, ರಾಜ, ರಾಜನ ನೌಕರರು, ಇವರಿಗೆ ಅವರವರ ಕೆಲಸದ ಮಟ್ಟಿಗೆ ಕೂಡಲೇ ಶುದ್ಧಿ ಅಂತ ವಚನಗಳಿವೆ. ಸನ್ಯಾಸಿಗೆ ಸೂತಕವೇ ಇಲ್ಲ, ಮನೆಯನ್ನೇ ಬಿಟ್ಟವರಿಗೆ ಮನೆಯ ಸಾವು ಎಲ್ಲಿಂದ ತಟ್ಟಬೇಕು? ಉಡುಪಿಯ ಕೃಷ್ಣನ ಪೂಜೆ ಅಷ್ಟಮಠದ ಯತಿಗಳ ಕೈಯಲ್ಲಿ ಇರುವುದರಿಂದ ಅಲ್ಲಿ ಅರ್ಚಕರ ಮನೆಯ ಸೂತಕ ಎಂಬ ತೊಡಕೇ ಬರುವುದಿಲ್ಲ.

ಇಷ್ಟೆಲ್ಲ ಓದಿದರೂ ನಮ್ಮ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಗಮನಿಸಿದಿರಾ? ಮನುವಿನ ಅಶೌಚದ ಭಾಗದಲ್ಲಿ ದೇವಸ್ಥಾನದ ಪ್ರಸ್ತಾಪವೇ ಇಲ್ಲ. ಅಲ್ಲಿ ನಿಲ್ಲುವುದು ವೇದಾಧ್ಯಯನ, ದಾನ, ಮನೆಯ ಅನ್ನ. ಆ ಗ್ರಂಥದ ಜಗತ್ತಿನಲ್ಲಿ ದೇವರ ಕೆಲಸ ನಡೆಯುವುದು ಮನೆಯ ಬೆಂಕಿಯ ಮುಂದೆ. ದುಡ್ಡಿಗೆ ದೇವರ ಪೂಜೆ ಮಾಡುವವನನ್ನು ಮನು ಶ್ರಾದ್ಧದ ಪಂಕ್ತಿಗೇ ಸೇರಿಸುವುದಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಲ್ಲಿನ ಗುಡಿಗಳು ಎದ್ದದ್ದು ಆರನೇ ಶತಮಾನದಿಂದ ಈಚೆಗೆ. ಗುಡಿಯ ಪೂಜೆಗೆ ಆಗಮಗಳು ಬಂದವು, ಪುರಾಣಗಳು ಬಂದವು. ಪ್ರತಿಷ್ಠೆಯಾದ ಮೂರ್ತಿಯನ್ನು ಜೀವಂತ ಅರಸನ ಹಾಗೆ ಎಬ್ಬಿಸಿ, ಮೀಯಿಸಿ, ಉಣಿಸಿ, ಮಲಗಿಸುವ ಪದ್ಧತಿ ಬೆಳೆಯಿತು. ಆ ಅರಸನ ಮುಂದೆ ಹೇಗೆ ಬರಬಾರದು ಎಂಬ ಪಟ್ಟಿಯೂ ಬೆಳೆಯಿತು. ವರಾಹ ಪುರಾಣದಲ್ಲಿ ಬರುವ 32 ಅಪರಾಧಗಳಲ್ಲಿ ಹೆಣ ಮುಟ್ಟಿ ಹಾಗೇ ಬರುವುದೂ ಒಂದು. ಮನೆಯ ಸೂತಕ ಗುಡಿಯ ಬಾಗಿಲಿಗೆ ಬಂದು ಅಂಟಿಕೊಂಡಿದ್ದು ಹೀಗೆ, ಎರಡು ಬೇರೆ ಕಾಲದ ಯೋಚನೆಗಳು ಸೇರಿ. ಊರಲ್ಲಿ ಹೆಣ ಇರುವ ತನಕ ಗುಡಿಯ ಪೂಜೆ ನಿಲ್ಲಿಸುವ ಹಳ್ಳಿಗಳು ಈಗಲೂ ಇವೆ.

ಎರಡನೇ ಉತ್ತರಕ್ಕೆ ಕಲ್ಯಾಣದಿಂದ ಹೊರಗೆ ಹೋಗಬೇಕಿಲ್ಲ. ವಿಕ್ರಮಾದಿತ್ಯ ತೀರಿಕೊಂಡು ಮೂವತ್ತು ನಲವತ್ತು ವರ್ಷ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳ ಈಗ ಅಲ್ಲಿ ಅಧಿಕಾರ ಹಿಡಿದಿದ್ದಾನೆ, ಅವನ ಭಂಡಾರ ನೋಡಿಕೊಳ್ಳುತ್ತಿರುವವರು ಬಸವಣ್ಣ. ಮಿತಾಕ್ಷರವನ್ನು ಓದಿ ಕೇಳಿದ ಪಂಡಿತರಲ್ಲಿ ಕೆಲವರಾದರೂ ಆ ಊರಲ್ಲಿ ಇನ್ನೂ ಬದುಕಿದ್ದಿರಬೇಕು ಅಂತ ನನ್ನ ಊಹೆ. ಅದೇ ಬೀದಿಗಳಲ್ಲಿ ಶರಣರು, ಲಿಂಗವಂತನಿಗೆ ಸೂತಕವಿಲ್ಲ ಅಂದರು.

ಇದನ್ನು ಬರೀ ಬಂಡಾಯದ ಘೋಷಣೆ ಅಂತ ಓದಿದರೆ ಅದರೊಳಗಿನ ತರ್ಕ ಕಾಣುವುದಿಲ್ಲ. ಹತ್ತು ದಿನದ ಪದ್ಧತಿಯಲ್ಲಿ ಆ ದಿನಗಳಿಗೆ ಒಂದು ಕೆಲಸ ಇದೆ. ಸತ್ತವರು ಪ್ರೇತವಾಗಿ, ಮೈಯಿಲ್ಲದೆ ಅಲೆಯುತ್ತಿರುತ್ತಾರೆ. ದಿನಕ್ಕೊಂದು ಪಿಂಡದಂತೆ ಹತ್ತು ಪಿಂಡ ಇಟ್ಟು ಮಕ್ಕಳು ಅವರಿಗೆ ಅಂಗಾಂಗ ಕಟ್ಟಿಕೊಡುತ್ತಾರೆ. ಮನೆ ಈ ಕೆಲಸದಲ್ಲಿ ಮುಳುಗಿರುವಾಗ ಬೇರೆ ಕೆಲಸ ಇಲ್ಲ. ಶರಣರ ನಂಬಿಕೆಯಲ್ಲಿ ಸತ್ತವರು ಲಿಂಗೈಕ್ಯರಾದರು. ಅಲೆಯಲು ಪ್ರೇತವೇ ಉಳಿದಿಲ್ಲ ಅಂದ ಮೇಲೆ ಕಟ್ಟಿಕೊಡಬೇಕಾದ ಮೈ ಯಾವುದು? ಆದ್ದರಿಂದಲೇ ಸುಡುವುದಿಲ್ಲ, ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ದೇವಸ್ಥಾನಕ್ಕೆ ಹೋಗಬಹುದೇ ಎಂಬ ಪ್ರಶ್ನೆಯೂ ಬಿದ್ದುಹೋಯಿತು. ದೇವರನ್ನು ಎದೆಯ ಮೇಲೆ ಕಟ್ಟಿಕೊಂಡವರು ಎಲ್ಲಿಂದ ದೂರ ನಿಲ್ಲಬೇಕು? ಮನೆಯಲ್ಲಿ ಹೆಣ ಇದ್ದರೂ ಅಂಗೈಯ ಲಿಂಗಕ್ಕೆ ಪೂಜೆ ತಪ್ಪಬಾರದು.

ಶರಣ ಪರಂಪರೆ ಬಿಟ್ಟದ್ದು ಸಾವಿನ ಸೂತಕ ಒಂದನ್ನೇ ಅಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಹೀಗೆ ಐದು ಸೂತಕ ಅಂತ ಎಣಿಸುತ್ತಾರೆ. ನನಗೆ ಈ ಐದನೆಯದೇ ಮುಖ್ಯ ಅನ್ನಿಸುತ್ತದೆ. ಜಾತಿಯನ್ನು ಸೂತಕದ ಪಟ್ಟಿಗೆ ಸೇರಿಸಿದ ಕೂಡಲೇ ಒಂದು ಸತ್ಯ ಎದ್ದು ಕಾಣುತ್ತದೆ. ಮೇಲಿನವರಿಗೆ ಹತ್ತು ದಿನ ಗುಡಿಯ ಹೊರಗೆ ನಿಲ್ಲುವ ಸ್ಥಿತಿ ಬಂದರೆ ಅದಕ್ಕೆ ಸೂತಕ ಅಂತ ಹೆಸರು. ಕೆಲವರನ್ನು ಹುಟ್ಟಿದಾಗಿನಿಂದ ಸಾಯುವವರೆಗೆ ಅದೇ ಹೊಸ್ತಿಲ ಹೊರಗೆ ನಿಲ್ಲಿಸಿದರೆ ಅದಕ್ಕೆ ಪದ್ಧತಿ ಅಂತ ಹೆಸರು. ಎರಡೂ ಒಂದೇ ಯಂತ್ರದ ಕೆಲಸ, ಒಂದರಲ್ಲಿ ಅವಧಿ ಇದೆ, ಇನ್ನೊಂದರಲ್ಲಿ ಇಲ್ಲ. ಆ ಬಾಗಿಲು ಕಾನೂನಿನಿಂದ ತೆರೆಯಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಮೂಲ್ಕಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, 1947ರ ಮದ್ರಾಸಿನ ದೇವಾಲಯ ಪ್ರವೇಶ ಕಾಯ್ದೆ ಅಲ್ಲಿನ ವೆಂಕಟರಮಣ ದೇವಸ್ಥಾನಕ್ಕೆ ಅನ್ವಯಿಸುತ್ತದೋ ಇಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರಲ್ಲಿ ಬಂದ ತೀರ್ಪು, ಎಲ್ಲ ವರ್ಗದ ಹಿಂದೂಗಳಿಗೂ ಪ್ರವೇಶ ಉಂಟು, ಕೆಲವು ವಿಶೇಷ ಸೇವೆಗಳನ್ನಷ್ಟೇ ಆ ಸಮುದಾಯದವರು ತಮಗೆ ಉಳಿಸಿಕೊಳ್ಳಬಹುದು ಅಂದಿತು. ಒಬ್ಬರು ಹತ್ತು ದಿನ ಗುಡಿಗೆ ಹೋಗಲಾಗಲಿಲ್ಲ ಅಂತ ಬೇಸರಪಟ್ಟುಕೊಂಡಾಗ ನನಗೆ ಈ ಮೊಕದ್ದಮೆ ನೆನಪಾಗುತ್ತದೆ. ಹೇಳುವುದಿಲ್ಲ, ಅದು ಹೇಳುವ ಹೊತ್ತಲ್ಲ.

ಹಾಗಂತ ಕಲ್ಯಾಣದ ಎರಡನೇ ಉತ್ತರ ಗೆದ್ದಿತು ಅನ್ನಲೂ ಬರುವುದಿಲ್ಲ. ಲಿಂಗಾಯತ ಮನೆಗಳಲ್ಲೂ ಹನ್ನೊಂದನೇ ದಿನದ ಸುತ್ತಮುತ್ತ ಶಿವಗಣಾರಾಧನೆ ನಡೆಯುತ್ತದೆ, ಅಲ್ಲಿಯವರೆಗೆ ಹಬ್ಬದಡುಗೆ ಮಾಡದ ಮನೆಗಳಿವೆ. ತತ್ತ್ವ ಬಿಟ್ಟರೂ ನಾಲ್ಕು ದಿನ ಸುಮ್ಮನೆ ಕೂರಬೇಕೆಂಬ ಮೈಯ ಆಸೆ ಬಿಡುವುದಿಲ್ಲವೇನೋ.

ಸೂತಕದಲ್ಲಿ ಗುಡಿಗೆ ಹೋದರೆ ಮನಸ್ಸಿನೊಳಗೆ ಏನಾಗುತ್ತದೆ ಅನ್ನುವುದನ್ನು ತೋರಿಸಿದ ಕನ್ನಡದ ಪುಸ್ತಕ ಅನಂತಮೂರ್ತಿಯವರ 'ಸಂಸ್ಕಾರ' (1965). ಹೆಣ ಸುಡುವ ತನಕ ಅಗ್ರಹಾರದಲ್ಲಿ ಊಟವಿಲ್ಲ, ಪೂಜೆಯಿಲ್ಲ ಎಂಬ ಮೊದಲ ಭಾಗ ಎಲ್ಲರಿಗೂ ನೆನಪಿರುತ್ತದೆ. ನನ್ನ ತಲೆಯಲ್ಲಿ ಉಳಿದಿರುವುದು ಕೊನೆಯ ಭಾಗ. ಹೆಂಡತಿ ಸತ್ತು ಸೂತಕದಲ್ಲಿರುವ ಪ್ರಾಣೇಶಾಚಾರ್ಯ ಮೇಳಿಗೆಯ ತೇರಿಗೆ ಹೋಗಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾನೆ. ಗೊತ್ತಾದರೆ ಏನಾಗುತ್ತದೋ ಎಂಬ ಭಯ. ಯಾರಾದರೂ ಗುರುತು ಹಿಡಿದುಬಿಟ್ಟರೆ? ಅವನ ಹಸಿವು ಅನ್ನದ್ದು ಮಾತ್ರ ಅಲ್ಲ ಅಂತ ನನ್ನ ಓದು. ಜನರ ನಡುವೆ ಕೂರಬೇಕು ಎಂಬ ಹಸಿವು ಅದು.

ಇನ್ನು ಆ ಒಂದು ವರ್ಷದ ಲೆಕ್ಕ. ಪ್ರೇತವನ್ನು ಪಿತೃಗಳ ಸಾಲಿಗೆ ಸೇರಿಸುವ ಕರ್ಮಕ್ಕೆ ಸಪಿಂಡೀಕರಣ ಅನ್ನುತ್ತಾರೆ. ಹಳೆಯ ಗೃಹ್ಯಸೂತ್ರಗಳಲ್ಲಿ ಅದು ವರ್ಷ ತುಂಬಿದ ಮೇಲೆ ನಡೆಯಬೇಕಾದ್ದು. ಮನುಷ್ಯನ ಆಯುಸ್ಸಿಗೆ ಭರವಸೆ ಇಲ್ಲ, ಮಾಡಬೇಕಾದ ಮಗನೇ ಅಷ್ಟರೊಳಗೆ ಹೋದರೆ ಏನು ಗತಿ ಅಂತ ಅದನ್ನು ಹನ್ನೆರಡನೇ ದಿನಕ್ಕೆ ತಂದರು. ಈಗ ಹೆಚ್ಚಿನವರು ಹಾಗೇ ಮಾಡುತ್ತಾರೆ, ಹದಿಮೂರಕ್ಕೆ ವೈಕುಂಠ ಸಮಾರಾಧನೆ ಮಾಡಿ ಶುಭ ಸ್ವೀಕಾರ ಮಾಡುತ್ತಾರೆ. ಕರ್ಮ ಮುಂದಕ್ಕೆ ಬಂತು. ಆದರೆ ವರ್ಷದ ತನಕ ಹಬ್ಬವಿಲ್ಲ, ಮದುವೆಗೆ ಹೋಗುವುದಿಲ್ಲ, ದೊಡ್ಡ ಕ್ಷೇತ್ರಗಳಿಗೆ ಯಾತ್ರೆಯಿಲ್ಲ ಎಂಬ ರೂಢಿ ಹಿಂದೆಯೇ ಉಳಿಯಿತು. ನನಗೆ ಅನ್ನಿಸುವುದು, ವರ್ಷದ ನಿಯಮ ಹಳೆಯ ಕ್ಯಾಲೆಂಡರಿನ ನೆರಳು. ಅದು ಅಶೌಚ ಅಲ್ಲ. ಹತ್ತು ದಿನದ ಸೂತಕವನ್ನೂ ವರ್ಷದ ಸಂಯಮವನ್ನೂ ಒಂದೇ ಅಂತ ಹಿಡಿದು, ಹನ್ನೆರಡು ತಿಂಗಳು ಊರಿನ ಗುಡಿಯ ಮೆಟ್ಟಿಲನ್ನೇ ತುಳಿಯದವರನ್ನು ನೋಡಿದ್ದೇನೆ. ಶಾಸ್ತ್ರ ಅವರಿಂದ ಅಷ್ಟು ಕೇಳಿರಲಿಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ಕೂತು ನೋಡಿದರೆ ಈ ವಿಷಯದ ತೂಕ ಬದಲಾಗುತ್ತದೆ. ಊರಲ್ಲಿ ಸೂತಕ ಅಂದರೆ ಒಬ್ಬರೇ ಇರುವುದಲ್ಲ. ದಾಯಾದಿಗಳೆಲ್ಲ ಅದರೊಳಗೆ ಇರುತ್ತಾರೆ, ಮೂರನೇ ದಿನ ಹಾಲುತುಪ್ಪಕ್ಕೆ ಜನ ಸೇರುತ್ತಾರೆ, ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ಗುಡಿ ಒಂದು ಬಿಟ್ಟು ಉಳಿದ ಊರೇ ಮನೆಗೆ ಬರುತ್ತದೆ. ಇಲ್ಲಿ ಸೂತಕ ಅಂದರೆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಖಾಸಗಿ ನೌಕರರಿಗೆ ಸಾವಿನ ರಜೆ ಕೊಡಲೇಬೇಕು ಅಂತ ಅಮೆರಿಕದ ಫೆಡರಲ್ ಕಾನೂನು ಹೇಳುವುದಿಲ್ಲ, ಕಂಪನಿ ಕೊಟ್ಟಷ್ಟು ದಿನ. ಮತ್ತೆ ಇಲ್ಲಿನ ದೇವಸ್ಥಾನ ಬರೀ ಗರ್ಭಗುಡಿಯೂ ಅಲ್ಲ. 1977ರಲ್ಲಿ ಫ್ಲಶಿಂಗ್‌ನ ಗಣೇಶನ ಗುಡಿಯೂ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ಗುಡಿಯೂ ಪ್ರತಿಷ್ಠೆಯಾದಾಗಿನಿಂದ, ಈ ದೇಶದಲ್ಲಿ ದೇವಸ್ಥಾನ ಅಂದರೆ ಅಡುಗೆಮನೆ, ಸಭಾಂಗಣ, ಮಕ್ಕಳ ತರಗತಿ, ನಮ್ಮ ಭಾಷೆ ಕಿವಿಗೆ ಬೀಳುವ ಜಾಗ. ಊರಲ್ಲಿ ಗುಡಿಯ ಬಾಗಿಲು ಮುಚ್ಚಿದರೆ ಊರು ತೆರೆದಿರುತ್ತದೆ. ಇಲ್ಲಿ ಅದೊಂದು ಬಾಗಿಲು ಮುಚ್ಚಿದರೆ ಉಳಿಯುವುದು ಫೋನು.

ಅದಕ್ಕೇ ಪರಿಚಯದವರ ಮನೆಯಲ್ಲಿ ಸಾವಾದಾಗ ನಮ್ಮ ಕೆಲವು ಕುಟುಂಬಗಳು ಒಂದು ರೂಢಿ ಮಾಡಿಕೊಂಡಿವೆ. ಹತ್ತು ದಿನ ಸರದಿ ಹಾಕಿಕೊಂಡು ಊಟ ಒಯ್ಯುತ್ತೇವೆ. ಬಾಗಿಲಲ್ಲಿ ಇಟ್ಟು ಬರುವುದಿಲ್ಲ, ಒಳಗೆ ಹೋಗಿ ಕೂತು ಬರುತ್ತೇವೆ. ಅವರು ಹದಿಮೂರು ಅಂದರೆ ಹದಿಮೂರು, ಮೂರು ಅಂದರೆ ಮೂರು. ಲಿಂಗಾಯತರ ಮನೆಯಾದರೆ ಲೆಕ್ಕ ಕೇಳುವುದಿಲ್ಲ, ಊಟ ಮಾತ್ರ ಹೋಗುತ್ತದೆ.

ವರ್ಷ ತುಂಬಿದಾಗ ಇನ್ನೊಂದು ತೊಡಕು ಕಾದಿರುತ್ತದೆ. ತಿಥಿ ಬದಲಾಗುವ ಗಳಿಗೆ ಜಗತ್ತಿಗೆಲ್ಲ ಒಂದೇ, ಶ್ರಾದ್ಧದ ಅಪರಾಹ್ನ ಮಾತ್ರ ಊರಿಗೊಂದು. ದಶಮಿ ಭಾರತದಲ್ಲಿ ಮಂಗಳವಾರ ರಾತ್ರಿ ಹತ್ತಕ್ಕೆ ಶುರುವಾದರೆ ಬೆಂಗಳೂರಿನ ಅಣ್ಣ ಬುಧವಾರ ಮಧ್ಯಾಹ್ನ ಶ್ರಾದ್ಧ ಮಾಡುತ್ತಾನೆ. ಆ ಗಳಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆ, ಆದ್ದರಿಂದ ಇಲ್ಲಿನ ತಮ್ಮನಿಗೆ ಶ್ರಾದ್ಧ ಮಂಗಳವಾರವೇ. ಇಲ್ಲಿನ ಸಮಯಕ್ಕೆ ಲೆಕ್ಕ ಹಾಕಿದ ಪಂಚಾಂಗ ಇಲ್ಲಿನ ದೇವಸ್ಥಾನಗಳಲ್ಲಿ ಸಿಗುತ್ತದೆ, ಊರಿಂದ ತಂದ ಕ್ಯಾಲೆಂಡರ್ ಪಕ್ಕಕ್ಕಿಟ್ಟು ಅದನ್ನೇ ನೋಡಿ.